ಎಡಕ್ಕೆಳೆಯುವ ಗಾಡಿಗಳ ಮೇಸ್ತ್ರಿ

"ಆ ಅಲೈನ್‌ಮೆಂಟ್‌ನವನು ಹೋದನಂತೆ" ಎಂದರು ಅಪ್ಪ, ಕಾಫಿ ಲೋಟವನ್ನು ಕೆಳಗಿಡುತ್ತ.

ಭಾನುವಾರದ ಬೆಳಗು. ಊರುಗೋಲನ್ನು ಕುರ್ಚಿಯ ಕೈಗೆ ಒರಗಿಸಿಕೊಂಡು, ಪೇಪರಿನಿಂದ ಕಣ್ಣೆತ್ತದೆಯೇ ಮುಂದುವರಿಸಿದರು. "ಹಾರ್ಟ್ ಅಂತೆ. ಹತ್ತು ದಿವಸ ಆಯ್ತಂತೆ. ಮಾರ್ಕೆಟ್ಟಲ್ಲಿ ಹೇಳಿದ್ರು. ಸರಿ, ದೇವರು ನೋಡ್ತಾನೇ ಇರ್ತಾನಲ್ಲ."

ನನ್ನ ಕೈಯಲ್ಲಿದ್ದ ತಟ್ಟೆಯನ್ನು ಅಡುಗೆಮನೆಯ ಕಟ್ಟೆಯ ಮೇಲಿಟ್ಟು, ನಲ್ಲಿ ತಿರುಗಿಸಿ, ನೀರು ಹರಿಯುವುದನ್ನು ನೋಡುತ್ತ ನಿಂತೆ. "ನೀರು ನಿಲ್ಸೋ, ಮೋಟಾರ್ ಹಾಕಿಲ್ಲ" ಎಂದು ಅಪ್ಪ ಕೂಗಿದ ಮೇಲೆ ನಿಲ್ಲಿಸಿದೆ.

ಅಪ್ಪ ಯಾರ ಬಗ್ಗೆ ಹಾಗೆ ಮಾತನಾಡಿದರೋ ಆ ಮನುಷ್ಯ ಎಂಥವರಾಗಿದ್ದರೆಂದು ಬರೆಯಬೇಕು. ಅವರನ್ನು ಬಲ್ಲವರಲ್ಲಿ ಬರೆಯಬಲ್ಲವನು ನಾನೊಬ್ಬನೇ ಇರಬೇಕು. ಬರೆಯಲು ಯೋಗ್ಯತೆ ಇಲ್ಲದವನೂ ನಾನೊಬ್ಬನೇ.

ಮದ್ರಾಸಿನ ಅಣ್ಣಾ ನಗರದಲ್ಲಿ ಅವರನ್ನು ಎಲ್ಲರೂ ಕನ್ನಡ ಮೇಸ್ತ್ರಿ ಎನ್ನುತ್ತಿದ್ದರು. ಒಂದು ಅಡ್ಡರಸ್ತೆಯ ಮೂಲೆಯಲ್ಲಿ, ತಮಿಳರು ತೂಂಗುಮೂಂಜಿ ಎಂದು ಕರೆಯುವ ದೊಡ್ಡ ಮಳೆಮರದ ಕೆಳಗೆ, ತಗಡು ಹೊದಿಸಿದ ಶೆಡ್ಡು. ಒಳಗೆ ಕಾರಿನ ಕೆಳಗಿಳಿದು ನೋಡಲು ಸಿಮೆಂಟಿನ ಗುಂಡಿ, ಗೋಡೆಗೆ ನೇತುಹಾಕಿದ ಸ್ಪ್ಯಾನರುಗಳು, ಮೀನು ಹಿಡಿಯುವವರು ಬಳಸುವ ನೈಲಾನ್ ದಾರದ ಉಂಡೆ ಒಂದು. ಅಷ್ಟೇ ಅವರ ಬಂಡವಾಳ. ಗಾಡಿಯ ಎಲ್ಲ ರೋಗಗಳನ್ನೂ ಅವರು ನೋಡುತ್ತಿರಲಿಲ್ಲ. ಇಂಜಿನ್ ಕೆಟ್ಟರೆ ಬೇರೆಯವರ ಹತ್ತಿರ ಕಳಿಸಿಬಿಡುತ್ತಿದ್ದರು. ಗಾಡಿ ಒಂದು ಕಡೆಗೆ ಎಳೆಯುತ್ತದೆ ಎಂದರೆ ಮಾತ್ರ ಅವರ ಮುಖ ಅರಳುತ್ತಿತ್ತು.

ಚಳ್ಳಕೆರೆ ಕಡೆಯವರು. ಲಾರಿ ಕ್ಲೀನರಾಗಿ ಮದ್ರಾಸಿಗೆ ಬಂದು ಇಲ್ಲೇ ನಿಂತವರು. ಬೆಳಗಿನ ಪೂಜೆಯ ವಿಭೂತಿ ಮಧ್ಯಾಹ್ನದ ಹೊತ್ತಿಗೆ ಬೆವರು ಗ್ರೀಸುಗಳ ಜೊತೆ ಕಲೆತು ಹಣೆಯ ಮೇಲೆ ಬೂದುಬಣ್ಣದ ಮೋಡವಾಗಿರುತ್ತಿತ್ತು. ಗುಂಡಿಗೆ ಇಳಿಯುವ ಮುಂಚೆ ಕೊರಳಿನ ಇಷ್ಟಲಿಂಗದ ಬೆಳ್ಳಿ ಕರಡಿಗೆಯನ್ನು ಅಂಗಿಯ ಜೇಬಿಗೆ ಇಳಿಸಿ ಬಟನ್ ಹಾಕಿಕೊಳ್ಳುತ್ತಿದ್ದರು, ಮಗುವನ್ನು ಮಲಗಿಸುವವರ ಹಾಗೆ. ಗಾಡಿಯ ಸ್ಟೇರಿಂಗ್ ಮುಟ್ಟುವ ಮೊದಲು ಎರಡೂ ಅಂಗೈಗಳನ್ನು ತೊಡೆಗೆ ಒರೆಸಿಕೊಳ್ಳುವುದು ಇನ್ನೊಂದು ಅಭ್ಯಾಸ. ಕೈ ಸ್ವಚ್ಛವಾಗಿದ್ದರೂ ಒರೆಸಿಕೊಳ್ಳುತ್ತಿದ್ದರು.

ನಮ್ಮ ಮನೆ ಅಲ್ಲಿಂದ ಎರಡು ಬೀದಿ ಆಚೆ. ನಮ್ಮದು ಮೂರು ತಲೆಮಾರಿನಿಂದ ಮದ್ರಾಸಿನಲ್ಲೇ ಇರುವ ವೈಷ್ಣವರ ಸಂಸಾರ. ಮನೆಯೊಳಗಿನ ಕನ್ನಡ ಅರ್ಧ ತಮಿಳಾಗಿಹೋಗಿದೆ. ಅಪ್ಪ ಎಗ್ಮೋರಿನಲ್ಲಿ ಒಂದು ಕಚೇರಿಯಲ್ಲಿದ್ದರು. ಅಲ್ಲಿನ ಸ್ಟೇಷನ್ನಿನ ಪುಸ್ತಕದಂಗಡಿಯಲ್ಲಿ ವಾರಕ್ಕೊಂದು ಕನ್ನಡ ಪತ್ರಿಕೆ ಕೊಳ್ಳುತ್ತಿದ್ದರು. ಓದಿ ಮುಗಿದ ಮೇಲೆ ಅದನ್ನು ಮೇಸ್ತ್ರಿಗೆ ತಲುಪಿಸುವುದು ನನ್ನ ಕೆಲಸ. ಅವರು ಮೊದಲು ಮಕ್ಕಳ ಪುಟ ತೆಗೆಯುತ್ತಿದ್ದರು. ಮಗಳಿಗೆ ಓದಿ ಹೇಳಲಿಕ್ಕಂತೆ. "ಅವ್ಳಿಗೆ ಕನ್ನಡ ಎಲ್ಲಾ ತಿಳೀತೈತೆ ತಮ್ಮಾ. ಆದ್ರೆ ಬಾಯಿ ಬಿಟ್ರೆ ತಮಿಳೇ ಬರೋದು. ಏನ್ ಮಾಡ್ಲಿ?" ಎಂದು ದೂರುವ ದನಿಯಲ್ಲಿ ಹೇಳುತ್ತಿದ್ದರು. ಹೇಳುವಾಗ ನಗುತ್ತಿದ್ದರು.

ಯಾರಾದರೂ ಬಂದು "ಕಾರು ಎಡಕ್ಕೆ ಎಳೀತದೆ, ಸ್ಟೇರಿಂಗ್ ಬಿಚ್ಚಿ ನೋಡಿ" ಎಂದರೆ ಅವರು ಬಿಚ್ಚುತ್ತಿರಲಿಲ್ಲ. ಮೊದಲು ಸುತ್ತ ಒಂದು ಪ್ರದಕ್ಷಿಣೆ. ನಾಲ್ಕೂ ಟೈರಿನ ಗಾಳಿ ನೋಡುವುದು. ಆಮೇಲೆ ಟೈರಿನ ಮೇಲೆ ಅಂಗೈ ಸವರುವುದು, ಒಮ್ಮೆ ಒಳಗಿನಿಂದ ಹೊರಕ್ಕೆ, ಒಮ್ಮೆ ಹೊರಗಿನಿಂದ ಒಳಕ್ಕೆ. ಒಂದು ಕಡೆ ನುಣುಪಾಗಿ, ಇನ್ನೊಂದು ಕಡೆ ಗರಗಸದಂತೆ ತಡೆದರೆ ಚಕ್ರಗಳು ಒಂದಕ್ಕೊಂದು ನೇರವಾಗಿಲ್ಲ ಎಂದು ಅರ್ಥ. ನನ್ನ ಕೈಯನ್ನೂ ಹಿಡಿದು ಸವರಿಸಿ ತೋರಿಸಿದ್ದರು. ಆನಂತರ ಗಾಡಿಯನ್ನು ಓಡಿಸಿಕೊಂಡು ಹೋಗಿ, ವಾಪಸ್ಸು ತಂದು, ಇಳಿದ ಕೂಡಲೇ ಚಕ್ರದ ನಡುವಿಗೆ ಹಿಂಗೈ ಮುಟ್ಟಿಸುತ್ತಿದ್ದರು. ಜ್ವರ ನೋಡುವ ಅಮ್ಮನ ಹಾಗೆಯೇ. ಒಂದು ಚಕ್ರ ಬಿಸಿ ಇದ್ದು ಇನ್ನೊಂದು ತಣ್ಣಗಿದ್ದರೆ ಬಿಸಿ ಇರುವುದರ ಬ್ರೇಕು ಬಿಡದೆ ಹಿಡಿದುಕೊಂಡಿದೆ. ಇಷ್ಟರಲ್ಲಿ ಏನೂ ಸಿಗದಿದ್ದರೆ ಮಾತ್ರ ನೈಲಾನ್ ದಾರ ಹೊರಗೆ ಬರುತ್ತಿತ್ತು. ಹಿಂದಿನ ಚಕ್ರದಿಂದ ಮುಂದಿನ ಚಕ್ರದವರೆಗೆ ದಾರ ಎಳೆದು ಕಟ್ಟಿ, ಒಂದು ಕಣ್ಣು ಮುಚ್ಚಿ, ಮೂಗು ನೆಲಕ್ಕೆ ತಾಗುವಂತೆ ಬಗ್ಗಿ ನೋಡುತ್ತಿದ್ದರು. ಆಗ ಯಾರೂ ಮಾತನಾಡಬಾರದು.

ಅಣ್ಣಾ ನಗರದ ನೇರ ರಸ್ತೆಗಳು ತನಗಾಗಿಯೇ ಮಾಡಿದವು ಎಂಬುದು ಅವರ ನಂಬಿಕೆ. ಬೆಳಿಗ್ಗೆ ಬಸ್ಸುಗಳು ಹೆಚ್ಚುವ ಮೊದಲು ಗಾಡಿಯನ್ನು ಅಲ್ಲಿಗೆ ಒಯ್ದು, ನೇರ ಹಿಡಿದು, ಸ್ಟೇರಿಂಗಿನಿಂದ ಎರಡೂ ಕೈ ಎತ್ತಿಬಿಡುತ್ತಿದ್ದರು. ಪಕ್ಕದಲ್ಲಿ ಕೂತ ಗಾಡಿಯ ಯಜಮಾನ ಹೌಹಾರುತ್ತಿದ್ದ. ಮೊದಲ ಸಲ ನಾನೂ ಡ್ಯಾಷ್‌ಬೋರ್ಡು ಹಿಡಿದುಕೊಂಡಿದ್ದೆ. "ಹೆದರ್ಬ್ಯಾಡ. ಸ್ವಲ್ಪ ಎಡಕ್ಕೆ ಹೋದ್ರೆ ಅದು ಗಾಡಿದಲ್ಲ, ರಸ್ತೇದು. ಮಳೆ ನೀರು ಹರಿದುಹೋಗ್ಲಿ ಅಂತ ರಸ್ತೇನ ಅಂಚಿಗೆ ತಗ್ಗು ಮಾಡಿರ್ತಾರೆ. ಅದನ್ನ ರಿಪೇರಿ ಮಾಡ್ತೀನಿ ಅಂತ ಹೋಗಬಾರದು. ಜೋರಾಗಿ ಎಳೆದ್ರೆ ಮಾತ್ರ ಕೇಳ್ಬೇಕು, ಯಾಕಪ್ಪಾ ಅಂತ."

ಒಮ್ಮೆ ಸೌಕಾರ್‌ಪೇಟೆಯ ಬಟ್ಟೆ ವ್ಯಾಪಾರಿಯೊಬ್ಬ ಬಂದಿದ್ದ. ಅವನ ಕಾರು ಬಲಕ್ಕೆ ಎಳೆಯುತ್ತಿತ್ತು. ನಾಲ್ಕು ಕಡೆ ತೋರಿಸಿ ಸಾಕಾಗಿ ಇವರ ಹೆಸರು ಕೇಳಿಕೊಂಡು ಬಂದಿದ್ದ. ಮೇಸ್ತ್ರಿ ಓಡಿಸಿದರು, ಸವರಿದರು, ದಾರ ಕಟ್ಟಿದರು. ಏನೂ ಇಲ್ಲ. ಕೊನೆಗೆ "ನಾಳೆ ನೀವು ಅಂಗಡಿಗೆ ಹೋಗೋ ಹಾಗೇ ಬನ್ನಿ" ಎಂದು ಕಳಿಸಿದರು. ಮರುದಿನ ಅವನು ಬಂದಾಗ ನೋಡಿದರೆ ಹಿಂದಿನ ಸೀಟಿನಲ್ಲಿ ಬಲಗಡೆ ಮಾತ್ರ ಸೂರಿನವರೆಗೆ ಬಟ್ಟೆಯ ಮೂಟೆ! ಎಡಗಡೆಯ ಸೀಟು ಖಾಲಿ. ಅಲ್ಲಿ ಅವನ ಮುದಿ ತಾಯಿಯನ್ನು ದೇವಸ್ಥಾನದ ಹತ್ತಿರ ಹತ್ತಿಸಿಕೊಳ್ಳುತ್ತಾನಂತೆ. ಆಕೆ ಹಕ್ಕಿಯಷ್ಟು ಹಗುರ. ಮೇಸ್ತ್ರಿ ಎರಡು ಮೂಟೆಗಳನ್ನು ಡಿಕ್ಕಿಗೆ ಹಾಕಿಸಿ, "ಈಗ ಹೋಗಿ" ಎಂದರು. ಆ ಮನುಷ್ಯನಿಗೆ ಸಿಟ್ಟು ಬಂತು. "ಎನ್ನಯ್ಯಾ, ಒಣ್ಣುಮೇ ಪಣ್ಣಲಿಯಾ?" ಏನೂ ಮಾಡಲೇ ಇಲ್ಲವಲ್ಲ ಎಂದು ಜಗಳಕ್ಕೆ ನಿಂತ. ಒಂದು ನಟ್ಟನ್ನಾದರೂ ತಿರುಗಿಸದೆ ಕಳಿಸಿದರೆ ಅವನಿಗೆ ಅವಮಾನ. ಕೊನೆಗೆ ಇವರು ಗುಂಡಿಗಿಳಿದು ಸ್ಪ್ಯಾನರಿನಿಂದ ಟಣ್ ಟಣ್ ಎಂದು ನಾಲ್ಕು ಸಲ ಬಡಿದು ಮೇಲೆ ಬಂದರು. ಅವನು ಸಮಾಧಾನದಿಂದ ಹೋದ. ಮೇಸ್ತ್ರಿ ಆ ದಿನವೆಲ್ಲ ನೆನೆನೆನೆದು ನಕ್ಕಿದ್ದರು. ನಕ್ಕರೆ ಅವರ ಹೊಟ್ಟೆ ಮೊದಲು ಕುಣಿಯುತ್ತಿತ್ತು, ಸದ್ದು ಆಮೇಲೆ ಬರುತ್ತಿತ್ತು.

ಅಣ್ಣನಿಗೂ ಅವರಿಗೂ ಬಹಳ ಸಲಿಗೆ. ಅಣ್ಣ ನನಗಿಂತ ಏಳು ವರ್ಷಕ್ಕೆ ದೊಡ್ಡವನು. ಕೆಲಸಕ್ಕೆ ಸೇರಿ ಮೂರನೆಯ ವರ್ಷ ಒಂದು ಹಳೆಯ ಬಿಳಿ ಕಾರು ಕೊಂಡ. ಕೊಳ್ಳುವ ಮುಂಚೆ ಅದನ್ನು ಮೇಸ್ತ್ರಿಯ ಮುಂದೆ ನಿಲ್ಲಿಸಿದ್ದ, ಹುಡುಗಿಯನ್ನು ಮನೆಯ ಹಿರಿಯರಿಗೆ ತೋರಿಸುವವನ ಹಾಗೆ. ಮುಂದೆ ಹುಡುಗಿ ಗೊತ್ತಾದಾಗಲೂ ಮೊದಲು ಹೋಗಿ ಹೇಳಿದ್ದು ಅವರಿಗೇ. ಮೇಸ್ತ್ರಿ ಮನೆಯಿಂದ ಶೇಂಗಾ ಹೋಳಿಗೆ ಮಾಡಿಸಿ ತಂದು ಕೊಟ್ಟಿದ್ದರು. ಅಮ್ಮ ಅದನ್ನು ತಿಂದು, "ಅವರ ಹೆಂಡ್ತಿ ಕೈ ಚೆನ್ನಾಗಿದೆ ಕಣೋ" ಎಂದಿದ್ದಳು.

ಮದುವೆಗೆ ಇನ್ನು ಮೂರು ವಾರವಿತ್ತು. ಆ ಶುಕ್ರವಾರ ಅಣ್ಣ ಕಾರನ್ನು ಮೇಸ್ತ್ರಿಯ ಶೆಡ್ಡಿನಲ್ಲಿ ಬಿಟ್ಟು ಬಂದಿದ್ದ. ಎಡಕ್ಕೆ ಎಳೆಯುತ್ತಿತ್ತು. ಭಾನುವಾರ ಅವನೂ ಅಪ್ಪನೂ ಕಾಂಚೀಪುರದಲ್ಲಿರುವ ಸೋದರತ್ತೆಗೆ ಮದುವೆಯ ಪತ್ರಿಕೆ ಕೊಟ್ಟು ಬರುವುದೆಂದು ನಿಶ್ಚಯವಾಗಿತ್ತು. ಶನಿವಾರ ಮಧ್ಯಾಹ್ನ ಕಾರು ತರಲು ನನ್ನನ್ನು ಕಳಿಸಿದ. ನನಗೆ ಆಗ ಹತ್ತೊಂಬತ್ತು. ಲೈಸೆನ್ಸು ಬಂದು ಎರಡು ತಿಂಗಳಾಗಿತ್ತು. ಎರಡು ಬೀದಿಯಾದರೂ ಸರಿ, ಒಬ್ಬನೇ ಕಾರು ಓಡಿಸಿಕೊಂಡು ಬರುವುದೆಂದರೆ ಹಬ್ಬ. ಅದರ ಮೇಲೆ ಟಿವಿಯಲ್ಲಿ ಭಾರತದ ಮ್ಯಾಚು.

ಮೇಸ್ತ್ರಿ ಗುಂಡಿಯಿಂದ ಮೇಲೆ ಬಂದು ಕೈ ಒರೆಸಿಕೊಂಡರು.

"ಎಳೆತ ಹೋಗೈತೆ ತಮ್ಮಾ. ಆದ್ರೆ ಕಾಯಿಲೆ ಹೋಗಿಲ್ಲ" ಎಂದರು. ನನ್ನನ್ನು ಬಗ್ಗಿಸಿ, ಮುಂದಿನ ಎಡಚಕ್ರವನ್ನು ಜ್ಯಾಕಿನ ಮೇಲೆ ಎತ್ತಿ ಅಲ್ಲಾಡಿಸಿ ತೋರಿಸಿದರು. ಕಟ್ ಕಟ್ ಎಂದು ಸಣ್ಣ ಸದ್ದು. "ಕೇಳಿಸ್ತಾ? ಚಕ್ರಾನ ಕೆಳಗಡೆಯಿಂದ ಹಿಡಿದಿರೋ ಗುಂಡು ಕೀಲು, ಬಾಲ್ ಜಾಯಿಂಟು, ಸವೆದೈತೆ. ಸ್ಪೀಡಲ್ಲಿ ಕಳಚಿಕೊಂಡ್ರೆ ಚಕ್ರ ಮಡಚಿಕೊಂಡುಬಿಡ್ತೈತೆ. ಸಾಮಾನು ಸೋಮವಾರ ಬರ್ತೈತೆ. ಅಲ್ಲೀವರೆಗೂ ಇಲ್ಲೇ ಇರ್ಲಿ ಬಿಡು."

"ಅಣ್ಣ ತಗೊಂಡ್ ಬಾ ಅಂದಿದಾನೆ" ಎಂದೆ.

"ನಾಳೆ ಎಲ್ಲಾದ್ರೂ ದೂರ ಹೋಗೋದೈತಾ?"

ಹೌದು ಎಂದರೆ ಕೀಲಿ ಕೊಡುವುದಿಲ್ಲ ಎಂದು ನನಗೆ ಗೊತ್ತಿತ್ತು. ಬಿಸಿಲಲ್ಲಿ ನಡೆದು ಹೋಗಬೇಕು. ಅಣ್ಣ ಮತ್ತೆ ಕಳಿಸುತ್ತಾನೆ. ಮ್ಯಾಚು ಹೋಗುತ್ತದೆ. ಇಷ್ಟೇ ನನ್ನ ತಲೆಯಲ್ಲಿದ್ದದ್ದು. ಇದಕ್ಕಿಂತ ದೊಡ್ಡ ಕಾರಣವೊಂದು ಇದ್ದಿದ್ದರೆ ಎಂದು ಎಷ್ಟೋ ಸಲ ಹುಡುಕಿದ್ದೇನೆ. ಇರಲಿಲ್ಲ.

"ಇಲ್ಲ ಮೇಸ್ತ್ರಿ" ಎಂದೆ.

ಅವರು ಚಕ್ರವನ್ನು ಇನ್ನೊಮ್ಮೆ ಅಲ್ಲಾಡಿಸಿ ನೋಡಿ ಜ್ಯಾಕು ಇಳಿಸಿದರು. ಆಮೇಲೆ ಕೀಲಿಯನ್ನು ನನ್ನ ಕೈಯಲ್ಲಿಟ್ಟು, ಬಿಡದೆ ಹಿಡಿದುಕೊಂಡು ಹೇಳಿದರು: "ಮನೆಗೆ ಮಾತ್ರ. ಸೆಕೆಂಡ್ ಗೇರಲ್ಲೇ ಹೋಗು. ಸೋಮವಾರದವರೆಗೂ ಹೊರಗೆ ತೆಗೀಬಾರದು ಅಂತ ಅಣ್ಣಂಗೆ ಹೇಳು. ನಾನು ಹೇಳಿದೆ ಅಂತ ಹೇಳು."

ಮನೆಗೆ ಬಂದಾಗ ನಮ್ಮವರು ಬ್ಯಾಟಿಂಗಿಗೆ ಇಳಿದಾಗಿತ್ತು. ನಾನು ಟಿವಿಯ ಮುಂದೆ ಕೂತೆ. ಅಣ್ಣ ಹೊರಗೆ ಹೋಗಿ ಕಾರನ್ನು ಬೀದಿಯ ತುದಿಯವರೆಗೆ ಓಡಿಸಿ ಬಂದು, ಕೀಲಿಯನ್ನು ಬೆರಳಲ್ಲಿ ತಿರುಗಿಸುತ್ತ ಬಾಗಿಲಲ್ಲಿ ನಿಂತ. ಅವನ ಮುಖ ಬೆಳಗಿತ್ತು.

"ಸೂಪರ್ರಾಗಿ ಹೋಗ್ತಿದೆ ಕಣೋ, ಗೆರೆ ಎಳೆದ ಹಾಗೆ. ಏನಂದ್ರು ಮೇಸ್ತ್ರಿ?"

"ಸರಿಯಾಗಿದೆ ಅಂದ್ರು" ಎಂದೆ. ಟಿವಿಯಿಂದ ಕಣ್ಣು ತೆಗೆಯಲಿಲ್ಲ.

ರಾತ್ರಿ ಊಟಕ್ಕೆ ಕೂತಾಗ ನೆನಪಾಯಿತು. ಆಗ ಹೇಳಿದ್ದರೆ, ಮೊದಲೇ ಯಾಕೆ ಹೇಳಲಿಲ್ಲ ಎಂದು ಅಪ್ಪ ಬೈಯುತ್ತಿದ್ದರು. ಬೆಳಿಗ್ಗೆ ಹೇಳೋಣ ಎಂದುಕೊಂಡೆ. ಬೆಳಿಗ್ಗೆ ಏಳುವಷ್ಟರಲ್ಲಿ ಅವರು ಹೊರಟುಹೋಗಿದ್ದರು. ಅಮ್ಮನಿಗೆ ಸ್ವಲ್ಪ ಜ್ವರವೆಂದು ಅವಳನ್ನು ಕರೆದೊಯ್ದಿರಲಿಲ್ಲ.

ಶ್ರೀಪೆರುಂಬುದೂರು ದಾಟಿದ ಮೇಲೆ ಮುಂದಿನ ಎಡಚಕ್ರ ಮಡಚಿಕೊಂಡಿತು. ಕಾರು ರಸ್ತೆಯಿಂದ ಇಳಿದು ಹುಣಸೆಮರಕ್ಕೆ ಬಡಿಯಿತು. ಅಪ್ಪನ ಸೊಂಟದ ಮೂಳೆ ಮುರಿಯಿತು. ಅಣ್ಣ ಅಲ್ಲೇ ಹೋದ. ಹಿಂದಿನ ಸೀಟಿನಲ್ಲಿದ್ದ ಮದುವೆಯ ಪತ್ರಿಕೆಗಳನ್ನು ಯಾರೋ ಪುಣ್ಯಾತ್ಮರು ಆಯ್ದು ಕಟ್ಟು ಕಟ್ಟಿ ಪೊಲೀಸರಿಗೆ ಕೊಟ್ಟಿದ್ದರು. ಅವುಗಳ ಮೇಲಿನ ವಿಳಾಸ ನೋಡಿಯೇ ನಮಗೆ ಸುದ್ದಿ ಬಂದದ್ದು.

ಮೂರನೆಯ ದಿನ ಮಧ್ಯಾಹ್ನ ಮೇಸ್ತ್ರಿ ನಮ್ಮ ಮನೆಗೆ ಬಂದರು. ಅಪ್ಪ ಆಸ್ಪತ್ರೆಯಲ್ಲಿದ್ದರು. ಅಮ್ಮ ಹಾಲಿನಲ್ಲಿ ಗೋಡೆಗೆ ಒರಗಿ ನೆಲದ ಮೇಲೆ ಕೂತಿದ್ದಳು. ಯಾವ ಕೀಲು ಮುರಿದು ಹೀಗಾಯಿತು ಎಂದು ಪೊಲೀಸರು ಅಷ್ಟರಲ್ಲಿ ಹೇಳಿದ್ದರು. ಮೇಸ್ತ್ರಿ ಚಪ್ಪಲಿ ಬಿಟ್ಟು ಒಳಗೆ ಬಂದು ಬಾಗಿಲ ಪಕ್ಕದಲ್ಲೇ ನಿಂತರು. ಅಂದು ಅವರ ಹಣೆಯ ಮೇಲೆ ವಿಭೂತಿ ಇರಲಿಲ್ಲ.

ಅಮ್ಮ ತಲೆ ಎತ್ತಿ ನೋಡಿದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಬರೀ ಕೇಳಿದಳು. "ನೀವು ನೋಡಿ ಕೊಟ್ಟ ಗಾಡಿ ಅಲ್ವಾ ಅದು? ಸರಿಯಾಗಿದೆ ಅಂದ್ರಂತಲ್ಲ?"

ಮೇಸ್ತ್ರಿ ನನ್ನ ಕಡೆ ನೋಡಿದರು. ಆ ನೋಟದಲ್ಲಿ ಪ್ರಶ್ನೆ ಇತ್ತು, ಆಮೇಲೆ ಉತ್ತರವೂ ಅವರಿಗೆ ಸಿಕ್ಕಿತು. ನಾನು ನೆಲ ನೋಡಿದೆ. ಒಂದು ಮಾತು, ಒಂದೇ ಮಾತು ನಾನು ಆಡಬೇಕಿತ್ತು.

"ಹೌದು ತಾಯಿ" ಎಂದರು ಅವರು. "ನನ್ ತಪ್ಪು. ನಾನು ಆ ಗಾಡಿ ಬಿಡಬಾರದಾಗಿತ್ತು."

ಅಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಅವರು ಅಲ್ಲೇ ಬಾಗಿಲಲ್ಲಿ ನೆಲಕ್ಕೆ ಹಣೆ ಹಚ್ಚಿ ನಮಸ್ಕಾರ ಮಾಡಿ, ಎದ್ದು ಹೋದರು. ಬೀದಿಯಲ್ಲಿ ಅವರು ನಡೆದುಹೋಗುವುದನ್ನು ಕಿಟಕಿಯಿಂದ ನೋಡಿದೆ. ಯಾರದೋ ಗೇಟಿನ ಕಂಬಕ್ಕೆ ಕೈ ಕೊಟ್ಟು ನಿಂತು, ಮತ್ತೆ ನಡೆದರು.

ಆ ಮಾತು ಅಣ್ಣಾ ನಗರದಲ್ಲೆಲ್ಲ ಹರಡಿತು. ಪೊಲೀಸರು ಮೇಸ್ತ್ರಿಯನ್ನು ಎರಡು ಸಲ ಕರೆಸಿ ವಿಚಾರಿಸಿ ಬಿಟ್ಟರು. ಜನ ಬಿಡಲಿಲ್ಲ. ಅಪ್ಪ ಆಸ್ಪತ್ರೆಯಿಂದ ಬಂದ ಮೇಲೆ ನೋಡಲು ಬಂದ ಪ್ರತಿಯೊಬ್ಬರಿಗೂ ಹೇಳಿದರು. ಕನ್ನಡದವನು, ನಮ್ಮವನು ಎಂದು ನಂಬಿದ್ದಕ್ಕೆ ಮಗನನ್ನೇ ಕಳೆದುಕೊಂಡೆ ಎಂದರು. ಮೇಸ್ತ್ರಿಯ ಶೆಡ್ಡಿನ ಮುಂದೆ ಸಾಲಾಗಿ ನಿಲ್ಲುತ್ತಿದ್ದ ಗಾಡಿಗಳು ಕಡಿಮೆಯಾದವು. ಬಂದ ಗಾಡಿಗಳನ್ನೂ ಅವರು ಈಗ ಬಿಡುತ್ತಿರಲಿಲ್ಲವಂತೆ. ಒಂದು ಸಣ್ಣ ಬುಷ್ ಸವೆದಿದ್ದರೂ ಹೊಸದು ಹಾಕುವವರೆಗೆ ಕೀಲಿ ಜೇಬಿನಲ್ಲಿ. ಶಾಲೆಯ ವ್ಯಾನಿನವನೊಬ್ಬ ಬೀದಿಯಲ್ಲಿ ನಿಂತು ಕೆಟ್ಟ ಮಾತಿನಲ್ಲಿ ಬೈದರೂ ಕೊಡಲಿಲ್ಲವೆಂದು ಕೇಳಿದೆ. ಅಷ್ಟರಲ್ಲಿ ಕಂಪ್ಯೂಟರ್ ಇಟ್ಟು ಅಲೈನ್‌ಮೆಂಟ್ ಮಾಡುವ ದೊಡ್ಡ ಅಂಗಡಿಗಳು ಬಂದವು. ಎರಡು ವರ್ಷದಲ್ಲಿ ಶೆಡ್ಡು ಮುಚ್ಚಿತು. ಕಾಲೇಜಿಗೆ ಹೋಗಲು ನಾನು ಬೇರೆ ದಾರಿ ಹಿಡಿದಿದ್ದೆ. ಶೆಡ್ಡು ಮುಚ್ಚಿದ್ದು ನನಗೆ ಯಾರೋ ಹೇಳಿ ಗೊತ್ತಾಯಿತು.

ಅಮ್ಮ ಅಣ್ಣನ ಕೊರಗಿನಲ್ಲೇ ಹೋದಳು. ಅವಳಿಗೂ ಹೇಳಲಿಲ್ಲ.

ಅಮ್ಮ ಹೋದ ಮರುವರ್ಷ ಮೇಸ್ತ್ರಿ ಸಿಕ್ಕರು. ನಾನು ಕೆಲಸಕ್ಕೆ ಸೇರಿದ್ದೆ. ಸಹೋದ್ಯೋಗಿಯೊಬ್ಬನ ಕಾರಿನ ಜೊತೆ ಅಂಥದೊಂದು ಕಂಪ್ಯೂಟರ್ ಅಂಗಡಿಗೆ ಹೋದಾಗ, ನೀಲಿ ಅಂಗಿ ತೊಟ್ಟು ಚಕ್ರಗಳಿಗೆ ಕ್ಲ್ಯಾಂಪು ಹಾಕುತ್ತಿದ್ದವರು ಅವರೇ. ಕೂದಲು ಪೂರಾ ಬಿಳಿ. ಅಂಗಡಿಯ ಇತರ ಕೆಲಸಗಾರರು ಇಪ್ಪತ್ತರ ಹುಡುಗರು. ಇವರನ್ನು ಪೆರಿಯವರ್, ಅಂದರೆ ಹಿರಿಯರು ಎಂದು ಕರೆಯುತ್ತಿದ್ದರು. ಪರದೆಯ ಮೇಲೆ ಎಲ್ಲ ಹಸಿರು ಬಂದ ಮೇಲೂ ಅವರು ಟೈರಿನ ಮೇಲೆ ಅಂಗೈ ಸವರಿ ನೋಡಿದರು. ಮ್ಯಾನೇಜರು "ಪೋದುಂ ಪೆರಿಯವರೇ" ಎಂದು ಗದರಿದ. ಸಾಕು ಎಂದು.

ನನ್ನನ್ನು ನೋಡಿದ ಕೂಡಲೇ ಗುರುತು ಹಿಡಿದರು. "ತಮ್ಮಾ" ಎಂದರು. "ಅಪ್ಪಾರು ನಡೀತಾರಾ ಈಗ?"

ಎದುರಿನ ಟೀ ಅಂಗಡಿಗೆ ಕರೆದುಕೊಂಡು ಹೋದೆ. "ಮೇಸ್ತ್ರಿ, ನಾನು ಅಪ್ಪನಿಗೆ ಹೇಳಿಬಿಡ್ತೀನಿ. ಇವತ್ತೇ ಹೇಳ್ತೀನಿ" ಎಂದೆ.

ಅವರು ತಲೆ ಅಲ್ಲಾಡಿಸಿದರು. "ಬ್ಯಾಡ."

"ನಾನು ಸುಳ್ಳು ಹೇಳಿದೆ ನಿಮಗೆ. ಕಂಚಿಗೆ ಹೋಗೋದು ನನಗೆ ಗೊತ್ತಿತ್ತು."

"ಗೊತ್ತಿತ್ತು ಅಂತ ನನಗೂ ಆಮೇಲೆ ಗೊತ್ತಾಯ್ತು. ಆದ್ರೆ ನಾನೇನು ನಿಮ್ಮಮ್ಮಂಗೆ ಸುಳ್ಳು ಹೇಳ್ಲಿಲ್ಲ ತಮ್ಮಾ. ಗಾಡಿ ಬಿಡಬಾರದಾಗಿತ್ತು. ಅಂಥ ಮಾತನ್ನ ಒಬ್ಬ ಹುಡುಗನ ಕೈಲಿ ಕಳಿಸ್ತಾರಾ ಯಾರಾದ್ರೂ? ನಿಮ್ಮನೇಲಿ ಫೋನಿತ್ತು. ಮೂಲೆ ಅಂಗಡೀಲಿ ಫೋನಿತ್ತು. ಒಂದು ಫೋನ್ ಮಾಡ್ಲಿಲ್ಲ ನಾನು. ಆವತ್ತು ಸಂಜೆ ಮಾಡ್ಬೇಕು ಅಂದ್ಕೊಂಡಿದ್ದೆ. ಇನ್ನೊಂದು ಗಾಡಿ ಬಂತು, ಮರ್ತೆ." ಟೀ ಲೋಟವನ್ನು ಎರಡು ಕೈಯಲ್ಲಿ ಹಿಡಿದು ಖಾಲಿ ಮಾಡಿ ಕೆಳಗಿಟ್ಟರು. ಆಮೇಲೆ ಹೇಳಿದರು: "ಅಪ್ಪಾರಿಗೆ ಬೈಯೋಕೆ ಒಬ್ರು ಬೇಕು. ಆ ಒಬ್ರು ಮನೆಯೊಳಗಿರಬಾರದು. ನಾನು ಹೊರಗಿನೋನು, ನಂಗೆ ಬೈದ್ಕೊಳ್ಲಿ. ನಿನ್ನನ್ನ ಬೈಯೋ ಹಂಗಾದ್ರೆ ಅವರಿಗೆ ಇನ್ಯಾರವ್ರೆ?"

ಅಂಗಡಿಯಿಂದ ಯಾರೋ ಕೂಗಿದರು. ಎದ್ದು ನಿಂತು, ಅಂಗೈಯನ್ನು ತೊಡೆಗೆ ಒರೆಸಿಕೊಂಡು, ನನ್ನ ತಲೆಯ ಮೇಲೆ ಕೈ ಇಟ್ಟು ಹೋದರು.

ಅವರು ಬೇಡವೆಂದರು ಎಂಬುದು ನನಗೆ ಅನುಕೂಲವಾಯಿತು. ಅದನ್ನೇ ಹಿಡಿದುಕೊಂಡು ಇಷ್ಟು ವರ್ಷ ಕಳೆದೆ. ಮತ್ತೆ ಆ ಅಂಗಡಿಯ ಕಡೆ ಹೋಗಲಿಲ್ಲ. ಅಪ್ಪ ನೋವು ಹೆಚ್ಚಾದಾಗಲೆಲ್ಲ ಆ ಮನುಷ್ಯನನ್ನು ಶಪಿಸುತ್ತಿದ್ದರು. ನಾನು ಸೊಂಟಕ್ಕೆ ಎಣ್ಣೆ ತಿಕ್ಕುತ್ತ ಕೇಳಿಸಿಕೊಳ್ಳುತ್ತಿದ್ದೆ.

ಆ ಭಾನುವಾರ ನಲ್ಲಿ ನಿಲ್ಲಿಸಿ ಬಂದು ಅಪ್ಪನ ಎದುರು ನೆಲದ ಮೇಲೆ ಕೂತು ಎಲ್ಲವನ್ನೂ ಹೇಳಿದೆ. ಜ್ಯಾಕಿನ ಮೇಲೆ ಚಕ್ರ ಅಲ್ಲಾಡಿಸಿ ತೋರಿಸಿದ್ದು, ನಾನು ಇಲ್ಲ ಎಂದದ್ದು, ಮ್ಯಾಚು, ಟೀ ಅಂಗಡಿ. ಅಪ್ಪ ಪೇಪರನ್ನು ಮಡಚಿದರು. ಮತ್ತೆ ಮಡಚಿದರು. ಅದು ಅಂಗೈಯಷ್ಟಾಗುವವರೆಗೆ ಮಡಚುತ್ತಲೇ ಇದ್ದರು.

"ಆ ಮನುಷ್ಯ ಬದುಕಿದ್ದಾಗಲೇ ಹೇಳಬಾರದಿತ್ತಾ ನೀನು?" ಎಂದರು ಕೊನೆಗೆ. ಅಷ್ಟೇ. ನನ್ನ ಮುಖ ನೋಡಲಿಲ್ಲ. ನಾಲ್ಕು ದಿನ ನನ್ನೊಡನೆ ಮಾತನಾಡಲಿಲ್ಲ. ನಾನು ಬಡಿಸಿದ್ದನ್ನು ಉಂಡರು, ತಟ್ಟೆಯನ್ನು ತಾವೇ ತೊಳೆದಿಟ್ಟರು. ಐದನೆಯ ದಿನ ಬೆಳಿಗ್ಗೆ ಒಗೆದ ಪಂಚೆ ಉಟ್ಟು ಬಾಗಿಲಲ್ಲಿ ನಿಂತಿದ್ದರು. "ಆಟೋ ಕರಿ. ಅವರ ಮನೆಗೆ ಹೋಗ್ಬೇಕು."

ವಿಲ್ಲಿವಾಕ್ಕಂನಲ್ಲಿ ಒಂದು ಮಹಡಿಯ ಮನೆ. ಕಡಿದಾದ ಮೆಟ್ಟಿಲು. ಅಪ್ಪ ನನ್ನ ಕೈ ಹಿಡಿಯಲಿಲ್ಲ. ಒಂದೊಂದು ಮೆಟ್ಟಿಲಿಗೂ ಊರುಗೋಲು ಊರಿ, ನಿಂತು, ಹತ್ತಿದರು. ಬಾಗಿಲು ತೆರೆದವರು ಮೇಸ್ತ್ರಿಯ ಹೆಂಡತಿ. ನಾನು ಅವರನ್ನು ನೋಡಿದ್ದು ಅದೇ ಮೊದಲು. ಯಾರೆಂದು ಅಪ್ಪ ಹೇಳಿದ ಕೂಡಲೇ ಅವರ ಮುಖ ಬಿಳಿಚಿಕೊಂಡಿತು. "ಈಗ್ಯಾಕೆ ಬಂದ್ರಿ ಸಾಮಿ? ಅವ್ರು ಹೋದ್ರು. ಇನ್ನೇನು ಕೇಳ್ತೀರಿ?" ಎಂದರು. ಹೆದರಿದ್ದರು.

"ಕೇಳೋಕಲ್ಲಮ್ಮ, ಹೇಳೋಕೆ ಬಂದೆ" ಎಂದು ಅಪ್ಪ ಕೈ ಮುಗಿದರು. ಊರುಗೋಲು ಜಾರಿ ನೆಲಕ್ಕೆ ಬಿತ್ತು. "ನಿಮ್ಮ ಯಜಮಾನರು ತಪ್ಪು ಮಾಡಿರಲಿಲ್ಲ. ಹತ್ತು ವರ್ಷ ನಾನು ಅವರನ್ನ ಶಪಿಸಿದೀನಿ. ಕಂಡವರಿಗೆಲ್ಲ ಹೇಳ್ಕೊಂಡು ತಿರುಗಿದೀನಿ." ಮುಂದೆ ಹೇಳಲು ಅವರಿಂದಾಗಲಿಲ್ಲ. "ನೀನು ಹೇಳೋ" ಎಂದರು ನನಗೆ. ಐದು ದಿನಗಳಲ್ಲಿ ನನ್ನೊಡನೆ ಮನಸ್ಸಿಟ್ಟು ಆಡಿದ ಮಾತು ಅದೊಂದೇ.

ಹೇಳಿದೆ.

ಆ ಹೆಂಗಸು ಗೋಡೆ ಹಿಡಿದುಕೊಂಡು ಮೆಲ್ಲಗೆ ಕುಸಿದು ಕೂತರು. ಅಳಲಿಲ್ಲ. ನನ್ನನ್ನು ಬೈಯಲೂ ಇಲ್ಲ. ಎದುರಿನ ಖಾಲಿ ಜಾಗ ನೋಡುತ್ತ ಹೇಳಿದರು: "ನಾನೂ ಅಂದಿದೀನಲ್ಲಪ್ಪಾ. ಉಣ್ಣಾಕೆ ಕುಂತಾಗೆಲ್ಲ ಅಂದಿದೀನಿ. ಒಂದು ಮನೆ ಮಗನ್ನ ತಿಂದ್ಕಂಡ್ರಿ, ನಮ್ಮನ್ನೂ ಬೀದಿಗೆ ತಂದ್ರಿ ಅಂತ. ತಟ್ಟೆ ಬಿಟ್ಟು ಎದ್ದು ಹೋಗೋರು. ಒಂದಿನಾನಾದ್ರೂ ನಂಗೆ ಹೇಳಬಾರದಿತ್ತಾ? ನಂಗೂ ಹೇಳಬಾರದಿತ್ತಾ ಈ ಮನುಷ್ಯ?"

ಒಳಗಿನ ಕೋಣೆಯ ಬಾಗಿಲಲ್ಲಿ ಹುಡುಗಿಯೊಬ್ಬಳು ನಿಂತಿದ್ದಳು. ಕಾಲೇಜಿಗೆ ಹೊರಟವಳು, ಹೆಗಲಲ್ಲಿ ಚೀಲ. ಮೇಸ್ತ್ರಿಯ ಹಾಗೆಯೇ ಅಗಲ ಹಣೆ. ಎಷ್ಟು ಹೊತ್ತಿನಿಂದ ನಿಂತಿದ್ದಳೋ, ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಮೇಸ್ತ್ರಿ ಹೇಳುತ್ತಿದ್ದಂತೆ ಅವಳಿಗೆ ಕನ್ನಡವೆಲ್ಲ ತಿಳಿಯುತ್ತಿತ್ತು. ಅವಳು ನನ್ನನ್ನು ಕೇಳಿದ್ದು ತಮಿಳಿನಲ್ಲಿ.

"ಅಪ್ಪಾವುಕ್ಕು ಉಂಗ ಮೇಲೆ ಕೋಪಮೇ ವರಲಿಯಾ?"

ನಮ್ಮ ಅಪ್ಪನಿಗೆ ನಿಮ್ಮ ಮೇಲೆ ಸಿಟ್ಟೇ ಬರಲಿಲ್ಲವೇ ಎಂದು.

"ಇಲ್ಲ" ಎಂದೆ. "ಒಂದು ಸಲವೂ ಇಲ್ಲ."

ಅವಳು ನನ್ನನ್ನೇ ನೋಡಿದಳು. ಕಣ್ಣು ತುಂಬಿಕೊಂಡಿತ್ತು. ಒರೆಸಿಕೊಳ್ಳಲಿಲ್ಲ.

"ಎನಕ್ಕು ವರುದು" ಎಂದಳು. ನನಗೆ ಬರುತ್ತಿದೆ.

ಚೀಲವನ್ನು ಕೆಳಗಿಟ್ಟು, ಬಂದು ತನ್ನಮ್ಮನ ಪಕ್ಕದಲ್ಲಿ ನೆಲದ ಮೇಲೆ ಕೂತು, ಅವರ ತಲೆಯನ್ನು ತನ್ನ ಹೆಗಲಿಗೆ ಎಳೆದುಕೊಂಡಳು. ಆಗ ಆ ತಾಯಿಗೆ ಅಳು ಬಂತು. ಅಪ್ಪ ಹೊಸಿಲ ಹತ್ತಿರ ನಿಂತೇ ಇದ್ದರು. ನಾನು ಅವರ ಊರುಗೋಲನ್ನು ಎತ್ತಿ ಕೊಡಲು ಬಗ್ಗಿದವನು ಬಹಳ ಹೊತ್ತು ಮೇಲೇಳಲಿಲ್ಲ.